ಝಡ್ ಐವತ್ತು

ಜೂಜುವಾಡಿ ಚೆಕ್‌ಪೋಸ್ಟ್ ದಾಟಿ ಹೊಸೂರಿನ ಕಡೆಗೆ
ಮೂರನೇ ಶೆಡ್ಡು ನಮ್ಮದು.
ನಮ್ಮದು ಅಂದರೆ ಪೊನ್ನುರಂಗಂ ಅವರದು.
ನನ್ನದು ಬರೀ ರಾತ್ರಿ ಪಾಳಿ.

ಮಂಗಳವಾರ ಎರಡು ಗಂಟೆಗೆ
ಮಷೀನಿನೊಳಗೆ ತೆಂಗಿನಕಾಯಿ ಒಡೆದ ಸದ್ದು.
ಕಾರ್ಬೈಡ್ ಟೂಲು ಮೂರು ತುಂಡು,
ಕ್ಲ್ಯಾಂಪಿನ ಮೂತಿ ಸೊಟ್ಟ.
ಕೂಲಂಟು ಮಾತ್ರ ಏನೂ ನೋಡದವರ ಹಾಗೆ
ಮಜ್ಜಿಗೆ ಬಣ್ಣದಲ್ಲಿ ಸುರಿಯುತ್ತಲೇ ಇತ್ತು.

ವಸಂತಿ, ಕೆಂಪು ಗುಂಡಿ ಒತ್ತಿದ ಕೈಯನ್ನು
ಅಲ್ಲೇ ಇಟ್ಟುಕೊಂಡು ನಿಂತಿದ್ದಳು.
ತಳಿಯ ಹುಡುಗಿ. ಮನೆಯಲ್ಲಿ ಕನ್ನಡ, ಐಟಿಐಯಲ್ಲಿ ತಮಿಳು,
ಇಲ್ಲಿಗೆ ಬಂದು ನಾಲ್ಕು ತಿಂಗಳು.

ಪ್ರೋಗ್ರಾಮಿನ ಮೇಲೆ ಬೆರಳಿಟ್ಟು ಓದುತ್ತ ಹೋದೆ.
ಎನ್ ನೂರಾ ನಲವತ್ತು: ಝಡ್ ಐವತ್ತು.
ಐವತ್ತರ ಪಕ್ಕ ಚುಕ್ಕಿ ಇಲ್ಲ.
ಇದ್ದಿದ್ದರೆ ಐವತ್ತು ಮಿಲಿಮೀಟರು ಮೇಲೆ.
ಇಲ್ಲದ್ದಕ್ಕೆ ಐವತ್ತು ಮೈಕ್ರಾನು,
ಇವಳ ಜಡೆಯ ಒಂದು ಕೂದಲಿಗಿಂತ ತೆಳು.
ಅಷ್ಟು ಎದ್ದು, ಎದ್ದಾಯಿತು ಅಂದುಕೊಂಡು
ಜಿ ಸೊನ್ನೆ ಸೊನ್ನೆಯ ವೇಗದಲ್ಲಿ
ಅಡ್ಡಕ್ಕೆ ಓಡಿತ್ತು ಟೂಲು.

"ನಾಲ್ಕು ಸಾವಿರದ ಇನ್ನೂರು," ಬೆಳಿಗ್ಗೆ ಪೊನ್ನುರಂಗಂ ಅಂದರು.
ಬೈಯಲಿಲ್ಲ. ಬೈದಿದ್ದರೆ ಅಗ್ಗವಾಗುತ್ತಿತ್ತು.
ಕಬ್ಬಿಣದ ಮೇಲೆ ಓಡಿಸುವ ಮೊದಲು
ಪರದೆಯ ಮೇಲೆ ಓಡಿಸಿ ನೋಡುವ ಸಾಫ್ಟ್‌ವೇರು ಇದೆ ಅಂದೆ.
ಎಷ್ಟು ಅಂದರು. ಹೇಳಿದೆ.
ಟೀ ಲೋಟ ಕೆಳಗಿಟ್ಟರು.
"ಓಸಿಯಲ್ಲಿ ಸಿಕ್ಕಿದರೆ ಹಾಕು."
ಅವರ ಓಸಿ, ನಮ್ಮ ಪುಗಸಟ್ಟೆ.
ಚೆಕ್‌ಪೋಸ್ಟಿನಲ್ಲಿ ಈ ಸರಕನ್ನು ಯಾರೂ ತಡೆಯುವುದಿಲ್ಲ.

ಮೂರು ರಾತ್ರಿ, ಊಟದ ಅರ್ಧ ಗಂಟೆಗಳಲ್ಲಿ ಹುಡುಕಿದೆವು.
ಒಂದು, ಮೂವತ್ತು ದಿನದ ನೆಂಟ.
ಇನ್ನೊಂದು ನೂರು ಸಾಲು ಓದಿ ನೂರಾ ಒಂದಕ್ಕೆ ಕೈ ಚಾಚಿತು.
ಆಮೇಲಿನದು ನಮ್ಮ ಮುದಿ ಕಂಪ್ಯೂಟರಿನ ಮೇಲೆ ಕೂತು
ಅದನ್ನೂ ಕರೆದುಕೊಂಡು ಮಲಗಿಬಿಟ್ಟಿತು.
ಕೊನೆಗೆ ಸಿಕ್ಕಿದ್ದು ಸಂಭಾವಿತ:
ಹೆಸರು ಕೇಳಲಿಲ್ಲ, ಫೋನ್ ನಂಬರು ಕೇಳಲಿಲ್ಲ,
ಕಪ್ಪು ಪರದೆಯಲ್ಲಿ ಹಸಿರು ದಾರ ಎಳೆಯುತ್ತ ಕೂತಿತು.

ಅದಕ್ಕೆ ಮಂಗಳವಾರದ ಪ್ರೋಗ್ರಾಮನ್ನೇ ಉಣಿಸಿದೆವು.
ನೂರಾ ನಲವತ್ತನೇ ಸಾಲಿಗೆ ಬಂತು,
ಐವತ್ತು ಮಿಲಿಮೀಟರು ಠೀವಿಯಿಂದ ಎದ್ದಿತು,
ತೇಲಿಕೊಂಡು ಆಚೆ ಇಳಿಯಿತು.
"ನೋಡಿ ಅಣ್ಣ! ನಂದು ಸರಿಯಾಗೇ ಇತ್ತು!"
ನಾನು ನಗಲೂ ಇಲ್ಲ, ಬೈಯಲೂ ಇಲ್ಲ.
ಚುಕ್ಕಿ ಬಿಟ್ಟರೂ ಅರ್ಥ ಮಾಡಿಕೊಳ್ಳುವಷ್ಟು ಒಳ್ಳೆಯದು ಅದು.
ನಮ್ಮ ಮಷೀನು ಅಷ್ಟು ಒಳ್ಳೆಯದಲ್ಲ.

ಮತ್ತೊಂದು ರಾತ್ರಿ ಹೋಯಿತು
ಆ ಒಳ್ಳೆಯತನವನ್ನು ಆರಿಸುವ ಜಾಗ ಹುಡುಕಲು.
ಎಲ್ಲದರ ತಳದಲ್ಲಿ, ಎಳ್ಳಿನಷ್ಟು ಒಂದು ಚೌಕ,
ಅದಕ್ಕೆ ಟಿಕ್ಕು ಹಾಕಿದೆ.
ವಸಂತಿ ವರ್ನಿಯರ್ ಹಿಡಿದು ಕ್ಲ್ಯಾಂಪನ್ನು ಅಳೆದು ಬಂದು
ಉದ್ದ, ಅಗಲ, ಎತ್ತರ ಕೂಗಿದಳು, ಸೊಟ್ಟ ಮೂತಿಯನ್ನೂ ಸೇರಿಸಿ.

ಈ ಸಲ ದಾರ ಏಳಲಿಲ್ಲ.
ನೆಲ ಸವರಿಕೊಂಡು ಹೋಗಿ ಕ್ಲ್ಯಾಂಪು ಮುಟ್ಟಿ
ಕೆಂಪಾಗಿ ನಿಂತಿತು.
"ಸದ್ದೇ ಬರಲಿಲ್ಲ," ಅಂದಳು,
ಮೋಸ ಹೋದವಳ ಹಾಗೆ.
ಆ ಸದ್ದು ಅವಳ ಕಿವಿಯಲ್ಲಿ ಇನ್ನೂ ಇದ್ದಿರಬೇಕು.

ಬೆಳಗಿನ ಜಾವ ರಿಜಿಸ್ಟರಿನಲ್ಲಿ ಅವಳ ಸಹಿ ನೋಡಿದೆ.
ಅಜ್ಜಿ ಕಲಿಸಿದ ಕನ್ನಡ, ಮಣಕು ಮಣಕು ಅಕ್ಷರ: ವಸತಿ.
"ಇಲ್ಲೂ ಸೊನ್ನೆ ಬಿಟ್ಟಿದ್ದೀಯಲ್ಲೇ."
"ತಮಿಳಲ್ಲಿ ಇದು ಇಲ್ವಲ್ಲ ಅಣ್ಣ. ಬಿಟ್ರೆ ಏನಾಗುತ್ತೆ?"
"ವಸತಿ ಅಂದರೆ ಇರೋಕೆ ಜಾಗ."
ಪೆನ್ನು ಗಲ್ಲಕ್ಕೆ ಒತ್ತಿಕೊಂಡು ಯೋಚಿಸಿದಳು.
"ಹಾಸ್ಟೆಲ್‌ಗೆ ತಿಂಗಳಿಗೆ ಮೂರೂವರೆ ಸಾವಿರ ಕೊಡ್ತೀನಿ.
ಇದು ಪುಗಸಟ್ಟೆ ಸಿಕ್ಕಿದೆ. ಇರಲಿ ಬಿಡಿ."

ಮಷೀನಿನ ಮುಂದೆ ಹೋಗಿ
ನೂರಾ ನಲವತ್ತನೇ ಸಾಲಿಗೆ ಒಂದು ಚುಕ್ಕಿ ಹಾಕಿದಳು.
ಬಾಗಿಲು ಎಳೆದಳು.
ಬೆರಳು ಮಾತ್ರ ಕೆಂಪು ಗುಂಡಿಯ ಮೇಲೆ.