ಎರಡು ಸಲ

ಡಾಕ್ಟರು ಬೆದರಿಸುವುದಿಲ್ಲ, ಹೊಡೆಯುವುದಿಲ್ಲ.
ಆ ಸಿನಿಮಾದ ಭಯವೇ ಅದು.
ಬ್ಯಾಂಕಿನ ಗುಮಾಸ್ತನನ್ನು ಕುರ್ಚಿಯಲ್ಲಿ ಕೂರಿಸಿ
ಮೊದಲು ನಿದ್ದೆ ಕದಿಯುತ್ತಾನೆ, ಏಳು ರಾತ್ರಿ.
ಆಮೇಲೆ ಅದೇ ನಿದ್ದೆಯನ್ನು ತಾನೇ ಬಡಿಸುತ್ತಾನೆ,
ಸ್ವಲ್ಪ ಸ್ವಲ್ಪ, ತಾಯಿಯ ದನಿಯಲ್ಲಿ.
ಕಣ್ಣು ಸೋತ ಗಳಿಗೆಗೆ ಸರಿಯಾಗಿ
ಗಾಜಿನ ಲೋಟಕ್ಕೆ ಚಮಚ ತಾಗಿಸುತ್ತಾನೆ:
ಟಣ್, ಟಣ್.
"ಇದು ಕೇಳಿಸಿದಾಗ ನೀನಿರುವುದಿಲ್ಲ."
ಅಷ್ಟೇ. ಮನೆಗೆ ಬಿಟ್ಟು ಕಳಿಸುತ್ತಾನೆ.

ಗುಮಾಸ್ತ ಸಂತೆಗೆ ಹೋಗುತ್ತಾನೆ, ಮಗಳಿಗೆ ರಿಬ್ಬನ್ನು ಕೊಳ್ಳುತ್ತಾನೆ,
ಲೆಡ್ಜರಿನಲ್ಲಿ ಒಂದು ಪೈಸೆ ತಪ್ಪುವುದಿಲ್ಲ.
ಇಂಟರ್‌ವಲ್ಲಿನ ಹೊತ್ತಿಗೆ ಕೊಲೆ ಎರಡು.
ತೋಳಂಚಿನ ಕೆಂಪನ್ನು ನೋಡಿ
ಶಾಯಿಯೆಂದುಕೊಂಡು ತೊಳೆಯುತ್ತಾನೆ.

ಶಿಡ್ಲಘಟ್ಟದ ಟೆಂಟು, ನೆಲದ ಟಿಕೆಟ್ಟು,
ನನಗಾಗ ಹನ್ನೊಂದೋ ಹನ್ನೆರಡೋ.
ಮೈಯೆಲ್ಲ ಹುಳದ ವಾಸನೆ. ಪಕ್ಕದವನಿಗೂ ಅದೇ.
ಊರಿಗೆ ಊರೇ ಬೆಂದ ಗೂಡಿನಂತೆ ನಾರುತ್ತಿದ್ದುದರಿಂದ
ಯಾರೂ ಯಾರಿಂದಲೂ ದೂರ ಕೂರುತ್ತಿರಲಿಲ್ಲ.

ನನ್ನ ಕೆಲಸ ತಿಪ್ಪುವುದು.
ಇನಾಯತ್ ಸಾಬರ ಚರಕ, ಅದರ ಹಿಡಿ, ನನ್ನ ಬಲಗೈ.
ಕುದಿವ ಬಾಣಲೆಯ ಮುಂದೆ ಅವರು.
"ಗೂಡನ್ನ ಒಡೀಬಾರದು ಹುಡುಗಾ, ಒಡೆದರೆ ಎಳೆ ಹರಿಯುತ್ತೆ.
ಬಿಸಿನೀರಲ್ಲಿ ಅಂಟು ಬಿಡಲಿ, ತುದಿ ತಾನೇ ಮೇಲೆ ಬರುತ್ತೆ.
ತುದಿ ಸಿಕ್ಕರೆ ಮುಗೀತು.
ಅರ್ಧ ಮೈಲಿ ದಾರ ಹೇಳಿದಂಗೆ ಕೇಳುತ್ತೆ,
ಒಳಗಿನ ಹುಳಕ್ಕೆ ಗೊತ್ತೇ ಆಗಲ್ಲ."
ಹುಳ ಆಗಲೇ ಸತ್ತಿರುತ್ತದೆಂದು ಅವರು ಹೇಳಲಿಲ್ಲ,
ನಾನು ಕೇಳಲೂ ಇಲ್ಲ.

ತುದಿ ಸಿಕ್ಕಾಗ ಜಾಲರಿ ಸೌಟನ್ನು
ಬಾಣಲೆಯ ಅಂಚಿಗೆ ಕುಟ್ಟುವರು, ಎರಡು ಸಲ.
ಮೊದಮೊದಲು ನಾನು ಕೇಳಿ ತಿಪ್ಪುತ್ತಿದ್ದೆ.
ಆಮೇಲಾಮೇಲೆ ಕೈಯೇ ಕೇಳಿಸಿಕೊಳ್ಳುತ್ತಿತ್ತು,
ನಾನು ಬೇರೆಲ್ಲೋ ಇರುತ್ತಿದ್ದೆ:
ಕೆರೆ ಏರಿಯ ಮೇಲೆ, ಯಾರದೋ ಗಾಳಿಪಟದ ಬಾಲದಲ್ಲಿ.
ಮರಳುವ ಹೊತ್ತಿಗೆ ಸಂಜೆ.
ರಾಟೆಯ ತುಂಬ ಹಳದಿ ರೇಷ್ಮೆ.
ಯಾರು ಸುತ್ತಿದ್ದು? ನಾನೇ ಇರಬೇಕು,
ಬೊಕ್ಕೆಗಳು ನನ್ನ ಅಂಗೈಯಲ್ಲಿದ್ದವು.

ಮೂರನೆಯ ಕೊಲೆಗೆ ಡಾಕ್ಟರು ಚಮಚ ಎತ್ತಿದ.
ಟೆಂಟು ಉಸಿರು ಹಿಡಿಯಿತು.
ಟಣ್, ಟಣ್.

ಕತ್ತಲಲ್ಲಿ ನನ್ನ ಬಲಗೈ ಎದ್ದು ತಿಪ್ಪತೊಡಗಿತು.
ಹಿಡಿಯಿಲ್ಲ, ಚರಕವಿಲ್ಲ, ಬರೀ ಗಾಳಿಯನ್ನು,
ಅದೇ ಹದದಲ್ಲಿ.
ಎಡಗೈಯಿಂದ ಅದುಮಿದೆ. ನಿಲ್ಲಲಿಲ್ಲ.
ಯಾರಾದರೂ ಕಂಡರೇನೋ ಎಂದು ನಾಚಿ ತಲೆಯೆತ್ತಿದರೆ
ಮುಂದೆ, ಬೆಂಚಿನ ತುದಿಯಲ್ಲಿ, ಬಿಳಿ ಟೋಪಿ.
ಇನಾಯತ್ ಸಾಬರು.
ಬೆಂದು ಬೆಂದು ಬೆಳ್ಳಗಾದ ಅವರ ಎರಡು ಬೆರಳು
ಪರದೆಯ ಬೆಳಕಿನಲ್ಲಿ
ಇಲ್ಲದ ಎಳೆಯ ತುದಿ ಹುಡುಕುತ್ತಿದ್ದವು,
ಹಿಡಿದು, ಎಸೆದು, ಮತ್ತೆ ಹುಡುಕುತ್ತಿದ್ದವು.

ಅವರಿಗೆ ಸೌಟು ಕುಟ್ಟಿದವರು ಯಾರು?
ಯಾವ ಕಾಲದಲ್ಲಿ, ಯಾವ ಬಾಣಲೆಯ ಮುಂದೆ?

ಕಥೆಯೇನೋ ಸುಖಾಂತ.
ಹೆಂಡತಿ ಓಡಿ ಬಂದು, ಹುಟ್ಟಿದಂದಿನಿಂದ ಆಡದ್ದನ್ನು ಆಡುತ್ತಾಳೆ,
ಗಂಡನ ಹೆಸರು ಹಿಡಿದು ಕೂಗುತ್ತಾಳೆ.
ಚೂರಿ ಬೀಳುತ್ತದೆ. ಗುಮಾಸ್ತ ಅಳುತ್ತಾನೆ.
ಟೆಂಟಿನ ತುಂಬ ಸೀಟಿ, ನಾನೂ ಹಾಕಿದೆ,
ಕೈ ಅಷ್ಟು ಹೊತ್ತಿಗೆ ಸುಮ್ಮನಾಗಿತ್ತು.

ಮರುದಿನ ಮುಂಜಾನೆ ಸಾಬರು ಸೌಟು ಎತ್ತಿದರು,
ಏನೋ ನೆನೆದು ಇಳಿಸಿದರು.
ಮೂರು ವರ್ಷದಲ್ಲಿ ಮೊದಲ ಸಲ
"ಗಂಗುಲಪ್ಪಾ," ಅಂದರು, "ಶುರು ಮಾಡೋಣವಾ?"

ನನಗೆ ಇಷ್ಟವಿತ್ತು. ದೇವರಾಣೆ ಇಷ್ಟವಿತ್ತು.
ಹಿಡಿಯ ಮೇಲೆ ಕೈ ಇತ್ತು.
ಕೈ ಏಳಲಿಲ್ಲ.
"ಗಂಗುಲಪ್ಪಾ."
ಬಾಣಲೆ ಕುದಿಯಿತು. ಎಳೆಯ ತುದಿ ಅವರ ಬೆರಳಲ್ಲಿ ಕಾದಿತ್ತು.
ಒಬ್ಬರನ್ನೊಬ್ಬರು ನೋಡುತ್ತ ಕೂತೆವು,
ಗೂಡು ಅತಿಯಾಗಿ ಬೆಂದು ನೂಲು ಕೆಡುವಷ್ಟು ಹೊತ್ತು.

ಆಮೇಲೆ ಅವರು ಕಣ್ಣು ತಪ್ಪಿಸಿ,
ಮೆತ್ತಗೆ, ಮಾಫಿ ಕೇಳುವವರ ಹಾಗೆ,
ಸೌಟನ್ನು ಅಂಚಿಗೆ ತಾಗಿಸಿದರು.