ಮೂರು ಗಂಟೆಯ ಭರತ

ಚಾಥಮ್ಮಿನ ಹಳೆಯ ಡಾಕ್‌ಯಾರ್ಡಿನ ಬೆನ್ನಿಗೆ
ಬೌಲಿಂಗ್ ಕ್ಲಬ್ಬಿನ ಮಾಳಿಗೆ. ಅಕ್ಟೋಬರಿನ ಎರಡನೇ ಶನಿವಾರ.
ಮೊದಲ ವರ್ಷ ನಲವತ್ತು ಕುರ್ಚಿ ಸಾಲದೆ
ಕೆಳಗಿನಿಂದ ಬೆಂಚು ಹೊತ್ತು ತಂದಿದ್ದೆವು.
ಈ ಸಲ ಆರು ಜನ, ಮೂರು ಊರುಗೋಲು,
ಆಮ್ಲಜನಕದ ಸಿಲಿಂಡರ್ ಎಳೆದುಕೊಂಡು ವಿಲ್ಫ್ ಗಟರಿಡ್ಜ್.
ಹಡಗಿನ ಅಡುಗೆಯವನು.
ಉಪ್ಪು ಕಡಿಮೆಯಿತ್ತು ಅಂದರೆ ಇವತ್ತಿಗೂ ಮುನಿಯುತ್ತಾನೆ.

ನಮ್ಮದು ಬಿಳಿ ಹಡಗು. ತೋಪಿರಲಿಲ್ಲ.
ಬೂದು ಹಡಗಿನವರು ನಮ್ಮನ್ನು ಕಂಡರೆ
‘ಬಂದರಪ್ಪ ಕೆಸರಳೆಯುವವರು’ ಎನ್ನುತ್ತಿದ್ದರು.
ಸುಳ್ಳಲ್ಲ.
ಸೀಸದ ಗುಂಡಿನ ತಳದ ಕುಳಿಗೆ ಕೊಬ್ಬು ಮೆತ್ತಿ
ಹಗ್ಗ ಬಿಡುವುದು; ಅದು ತಳ ಮುಟ್ಟಿ
ಅಂಟಿಸಿಕೊಂಡು ತಂದದ್ದನ್ನು ಮೂಸಿ, ಬೆರಳಲ್ಲಿ ಉಜ್ಜಿ
ಕೂಗಿ ಹೇಳುವುದು:
ಮರಳು. ಒಡೆದ ಚಿಪ್ಪು. ನೀಲಿ ಜೇಡಿ.
ಯಾರೂ ಕಾಲಿಡದ ನೆಲದ ಮಣ್ಣು
ಊಟದ ಹೊತ್ತಿಗೂ ನನ್ನ ಉಗುರಿನ ಸಂದಿಯಲ್ಲಿ.

ಟರ್ನ್‌ಸ್ಟೋನ್ ಅಂದರೆ
ದಡದ ಕಲ್ಲು ಮಗುಚಿ ಅಡಿಯಲ್ಲೇನಿದೆಯೆಂದು
ಇಣುಕುವ ಒಂದು ಗಿಡ್ಡ ಹಕ್ಕಿ.
ಹಡಗಿಗೆ ಹೆಸರಿಟ್ಟವನಿಗೆ ಕೆಲಸ ಗೊತ್ತಿತ್ತು.

ಡೆನ್ಜಿಲ್ ಟ್ರೆವೆನ್ನಾ ಪ್ರತಿ ವರ್ಷ ಹೇಳುವುದನ್ನೇ ಹೇಳಿದ:
ಯಾವನೋ ಸ್ಕೂನರಿನ ಕಪ್ತಾನ ನೂರು ವರ್ಷದ ಹಿಂದೆ
ಕಂಡೆನೆಂದು ಬರೆದ ಬಂಡೆ.
ಹುಡುಕಿದೆವು ಹನ್ನೊಂದು ದಿನ,
ಹೊಲ ಉಳುವ ಹಾಗೆ ಹೋಗಿ, ತಿರುಗಿ, ಹೋಗಿ.
ಒಂಬೈನೂರು ಮಾರು ನೀರು. ಬಂಡೆಯಿಲ್ಲ.
ಇದೆ ಎನ್ನಲು ಅವನಿಗೆ ಒಂದು ಸಂಜೆ ಸಾಕಾಯಿತು,
ಇಲ್ಲ ಎನ್ನಲು ನಮಗೆ ಹನ್ನೊಂದು ದಿನ ಬೇಕಾಯಿತು.
ಹದಿಮೂರು ಎಂದ ವಿಲ್ಫ್. ಆಲೂಗೆಡ್ಡೆ ಮುಗಿದದ್ದು ಅವನಿಗೆ ನೆನಪಿದೆ.

ನಾನು ಹೇಳದೆ ಇಟ್ಟುಕೊಂಡದ್ದು ಬೇರೆ.

ಅರವತ್ತನಾಲ್ಕು. ಹವಳದ ಒಂದು ದಿಬ್ಬ.
ನನ್ನೊಬ್ಬನನ್ನು ದಡಕ್ಕಿಳಿಸಿ ದೋಣಿ ಹೋಯಿತು.
ಕೆಂಪು ಬಿಳಿ ಗೆರೆಯ ಕೋಲು, ಲಾಟೀನು, ನೋಟ್‌ಬುಕ್ಕು.
ಹತ್ತು ನಿಮಿಷಕ್ಕೊಮ್ಮೆ ನೀರೆಷ್ಟೆಂದು ಬರೆಯಬೇಕು,
ಇಪ್ಪತ್ತೈದು ಗಂಟೆ.
ರಾತ್ರಿ ಎರಡಕ್ಕೆ ಕಣ್ಣು ಹತ್ತಿತು. ಎದ್ದಾಗ ಐದು.
ಹದಿನೆಂಟು ಮನೆ ಖಾಲಿ.
ಲಾಟೀನಿನ ಬೆಳಕಲ್ಲಿ ಹದಿನೆಂಟು ಅಂಕಿ ಹುಟ್ಟಿಸಿದೆ,
ನಿಧಾನಕ್ಕೆ ಏರುವಂತೆ, ನಿಂತು ಇಳಿಯುವಂತೆ,
ಕಂಡವರು ಮೆಚ್ಚುವಂತೆ.

ಆಮೇಲೆ ರೇಡಿಯೋದಲ್ಲಿ ಎಲ್ಲಾದರೂ
ಹಡಗು ತಳ ಬಡಿಯಿತೆಂದರೆ
ದನಿ ಹೆಚ್ಚಿಸಿ ಊರು ಕೇಳಿಸಿಕೊಳ್ಳುತ್ತಿದ್ದೆ.
‘ಆ ಹಡಗಿನಲ್ಲಿ ನಿಮ್ಮವರು ಯಾರಿದ್ದಾರೆ?’
ಎಂದು ಹಿಲ್ಡಾ ಕೇಳಿದ್ದಳು, ಇದ್ದಾಗ.

ಈ ಸಲ ಹೇಳಿಬಿಟ್ಟೆ. ಲೆಫ್ಟಿನೆಂಟ್ ರಾತ್‌ಬೋನ್ ಅವರಿಗೆ ತೊಂಬತ್ತೊಂದು.
ಕಿವಿಯ ಯಂತ್ರ ಕೈಕೊಟ್ಟಿತ್ತು,
ಪಾಪವನ್ನು ಎರಡು ಸಲ ಕೂಗಬೇಕಾಯಿತು.
ಕೆಳಗೆ ಬೌಲಿಂಗ್ ಆಡುವವರೂ ನಿಲ್ಲಿಸಿದರು.

‘ಗೊತ್ತಿತ್ತು ಕ್ಲೆಮ್’ ಎಂದರು. ‘ನಿನ್ನ ಗೆರೆ ಬಲು ನಯ.
ಸಮುದ್ರಕ್ಕೆ ಅಷ್ಟು ಚಂದದ ಕೈಬರಹ ಎಲ್ಲಿಂದ ಬರಬೇಕು?
ಆಚೆ ದಡದಲ್ಲಿ ಓಕ್‌ಶಾಟ್ ಇದ್ದ, ಅವನ ಲೆಕ್ಕ ತಗೊಂಡೆ.’

ಪರ್ಸಿ ಓಕ್‌ಶಾಟ್. ತೊದಲುತ್ತಾನೆಂದು
ನಾವು ದಿನಾ ಆಡಿಕೊಳ್ಳುತ್ತಿದ್ದ ಹುಡುಗ.
ಸೊಳ್ಳೆ ಕಚ್ಚಿಸಿಕೊಂಡು ಎಚ್ಚರವಿದ್ದವನು.
ಹೋದ ಮಾರ್ಚಿನಲ್ಲಿ ತೀರಿಕೊಂಡ. ಹೂವಿಗೆಂದು ಐದು ಪೌಂಡ್ ಕಳಿಸಿದ್ದೆ.

‘ಆಗಲೇ ಯಾಕೆ ಹೇಳಲಿಲ್ಲ, ಸರ್?’
‘ಆಮೇಲೆ ನೀನು ಪಹರೆಯಲ್ಲಿ ಒಮ್ಮೆಯೂ ಕಣ್ಣು ಮುಚ್ಚಲಿಲ್ಲ.
ಹೇಳಿದ್ದರೆ ಮುಚ್ಚುತ್ತಿದ್ದೆ.’
ವಿಲ್ಫ್ ಪೈ ಆರುತ್ತಿದೆ ಎಂದು ಬೈದ.

ಬಸ್ ನಿಲ್ದಾಣದ ಕೆಳಗೆ ಮೆಡ್‌ವೇ ನದಿ, ಇಳಿತದ ಹೊತ್ತು.
ಕಟ್ಟೆಯ ಮರದ ಕಂಬದಲ್ಲಿ ಅಳಿಸಿಹೋಗುತ್ತಿರುವ ಅಂಕಿಗಳು.
ಏಳರ ಕೆಳಗೆ ಒಂದು ಬೆರಳು.
ಬಸ್ಸು ಬಂತು. ಹತ್ತಲಿಲ್ಲ.
ಹತ್ತು ನಿಮಿಷ ನಿಂತೆ, ಗಡಿಯಾರ ನೋಡಿಕೊಂಡು.
ಏಳರ ಕೆಳಗೆ ಒಂದು ಗೇಣು.
ಬರೆದುಕೊಳ್ಳಲು ಜೇಬಿನಲ್ಲಿ ಏನೂ ಇರಲಿಲ್ಲ.