ಅನಾಮತ್ತು

ಮಂಡಕ್ಕಿ ಭಟ್ಟಿ ಬುಡನ್ ಸಾಬರ ಮೊಮ್ಮಗಳು ಮುಬೀನಾ
ಬಂದದ್ದು ಸಂಜೆ ಆರಕ್ಕೆ, ಬಗಲಲ್ಲಿ ಎರಡು ಪುಸ್ತಕ.
ಒಂದು ತುಂಬಿದ್ದು, ಮೂಲೆ ಮಡಚಿದ್ದು,
ಎಂಜಿನ್ ಎಣ್ಣೆಯ ಹೆಬ್ಬೆಟ್ಟು ಹೊತ್ತದ್ದು.
ಇನ್ನೊಂದು ಖಾಲಿ, ಪರದೇಶದಿಂದ ತರಿಸಿದ್ದು,
ಬಿಚ್ಚಿದರೆ ಬೆನ್ನು ಕಟಕ್ಕೆನ್ನುವಂಥದ್ದು.
"ಅಜ್ಜಾರೆ, ಕೂಡೋದ್ರಾಗೆ ನೀವು ತಪ್ಪಲ್ಲಂತೆ.
ಇದನ್ನ ಅದಕ್ಕೆ ಇಳಿಸ್ಬೇಕು."

ನಲವತ್ತೊಂದು ವರ್ಷ ಹತ್ತಿ ಮಿಲ್ಲಿನ ಲೆಕ್ಕ ಬರೆದವನು ನಾನು.
ಬೇಲು ಗೊತ್ತು, ನೂಲಿನ ನಂಬರು ಗೊತ್ತು,
ಆಕಾಶದ ಖಾತೆ ಇದೇ ಮೊದಲು.

ಲೈಸೆನ್ಸು ಸುಮ್ಮನೆ ಬದಲಾಗುವುದಿಲ್ಲವಂತೆ,
ನೋಟು ಕೊಟ್ಟು ಚಿಲ್ಲರೆ ಇಸಕೊಂಡ ಹಾಗಲ್ಲ.
ಯುರೋಪಿನವರಿಗೆ ಹದಿಮೂರು ಪರೀಕ್ಷೆ ಹೊಸದಾಗಿ ಬರೆಯಬೇಕು,
ಕಣ್ಣು ಕಿವಿ ಎದೆಬಡಿತ ಅವರ ಡಾಕ್ಟರೇ ನೋಡಬೇಕು.
ಒಪ್ಪುವುದು ಹಾರಿದ ಗಂಟೆಗಳನ್ನಷ್ಟೇ,
ಅದೂ ಅವರ ಮನೆಯೊಳಗೆ ಸರಿಯಾಗಿ ಕೂತರೆ.

ಕೂರಿಸಿದೆವು. ನಾನು ಪೆನ್ಸಿಲ್ಲಿನಲ್ಲಿ, ಅವಳು ಶಾಯಿಯಲ್ಲಿ.
ಅಲ್ಲಿಯ ಒಂದು ಪಾಯಿಂಟ್ ಎರಡು
ಇಲ್ಲಿ ಒಂದು ಗಂಟೆ ಹನ್ನೆರಡು ನಿಮಿಷ.
ನಮ್ಮ ಗಡಿಯಾರದಿಂದ ಐದೂವರೆ ತಾಸು ಕಳೆಯಬೇಕು,
ಪ್ರತಿ ಸಾಲಿಗೂ, ಬೇಸರಪಡದೆ.
ರಂಜಾನ್ ಮುಂಜಾನೆ ಐದೂ ಹತ್ತಕ್ಕೆ ಎದ್ದ ವಿಮಾನ
ಹಬ್ಬದ ಹಿಂದಿನ ರಾತ್ರಿಗೆ ಹೋಗಿ ಕೂತಿತು.
"ಚಂದ್ರ ಕಾಣೋ ಮೊದ್ಲೇ ಹಬ್ಬ ಮಾಡಿಬಿಟ್ಟೆ ನೋಡ್ರಿ" ಎಂದು ನಕ್ಕಳು.

ನನಗೆ ಬೇರೊಂದು ವರ್ಷ ನೆನಪಾಯಿತು.
ಆಣೆ ಹೋಗಿ ನಯಾಪೈಸೆ ಬಂದಾಗ
ಹದಿನೆಂಟರ ಹುಡುಗ, ಮಿಲ್ಲಿಗೆ ಸೇರಿ ಮೂರು ವಾರ.
ಆಣೆಗೆ ಆರೂಕಾಲು ಪೈಸೆ. ಕಾಲು ಪೈಸೆಯ ನಾಣ್ಯವಿಲ್ಲ.
ಹೆಡ್ ಗುಮಾಸ್ತರು "ಬಿಡು" ಎಂದರು. ಬಿಟ್ಟೆ.
ಊರೆಲ್ಲ ಬಿಟ್ಟ ಕಾಲುಗಳು ಎಲ್ಲಿ ಹೋದವೆಂದು
ಇವತ್ತಿಗೂ ಯಾರೂ ಕೇಳಿಲ್ಲ.

ಮೂವತ್ತೇಳನೆಯ ಪುಟದಲ್ಲಿ ಕೈ ನಿಂತಿತು.
ಒಂದು ಗಂಟೆ ಹತ್ತು ನಿಮಿಷ. ಡ್ಯುಯಲ್.
ಅಂದರೆ ಪಕ್ಕದಲ್ಲಿ ಗುರು ಕೂತ ಹೊತ್ತು. ಸಹಿ ಇಲ್ಲ.
ಕ್ಯಾಪ್ಟನ್ ಪೆಂಢಾರ್ಕರ್ ತಿಂಗಳ ಕೊನೆಗೆ ಒಟ್ಟಿಗೆ ಸಹಿ ಹಾಕುವವರು.
ಆ ತಿಂಗಳು ಇಪ್ಪತ್ತಾರಕ್ಕೇ ತೀರಿಕೊಂಡರು,
ಹಾರುವಾಗಲ್ಲ, ಬಚ್ಚಲಲ್ಲಿ ಹಲ್ಲುಜ್ಜುವಾಗ.
ಶಾಲೆಯೂ ಮುಚ್ಚಿತು. ಬರೆದ ಕಾಗದ
ವಿಳಾಸದಾರರಿಲ್ಲ ಎಂದು ವಾಪಸು ಬಂತು.

ಷರಾದ ಮನೆಯಲ್ಲಿ ಅವಳ ಕೈಬರಹ:
ಅಡ್ಡಗಾಳಿ. ಆರು ಸಲ ಇಳಿದೆ.
ಆರನೆಯದಕ್ಕೆ ಅವರು ಕೈ ಕಟ್ಟಿ ಕೂತಿದ್ದರು.

"ಬಿಟ್ಬಿಡ್ರಿ ಅಜ್ಜಾರೆ, ಇನ್ನೂರು ದಾಟಿದ್ರೆ ಸಾಕು."
ಇನ್ನೂರ ಏಳು ಮೂವತ್ತೈದು
ಇನ್ನೂರ ಆರು ಇಪ್ಪತ್ತೈದು ಆಯಿತು.
ಹೇಳುವಾಗ ಅವಳು ಪುಟ ನೋಡಲಿಲ್ಲ,
ಬೆರಳಿನ ಶಾಯಿ ಒರೆಸುತ್ತಿದ್ದಳು.

ಬಿಟ್ಟೆ. ಅವರ ಪುಸ್ತಕದಲ್ಲಿ ಬಿಟ್ಟೆ.
ಮಿಲ್ಲಿನಲ್ಲಿ, ಯಾರದೆಂದು ತಿಳಿಯದ ಹಣಕ್ಕೆ,
ರಸೀದಿ ಇಲ್ಲದೆ ಬಂದು ಕೂತ ಹಣಕ್ಕೆ
ಒಂದು ಖಾತೆ ಇರುತ್ತಿತ್ತು. ಆಡಿಟರಿಗೆ ಕಂಡರಾಗದು.
ಅವಳು ನೀರು ಕುಡಿಯಲು ಒಳಗೆ ಹೋದಾಗ
ಹಾಲಿನ ಲೆಕ್ಕದ ನನ್ನ ಪುಸ್ತಕದ ಕೊನೆಯ ಹಾಳೆ ತೆಗೆದು ಬರೆದೆ:
ಅನಾಮತ್ತು. ಮುಬೀನಾ ಬಾಬ್ತು.
ಗಂಟೆ ಒಂದು, ನಿಮಿಷ ಹತ್ತು.
ಕೇಳಿದಾಗ ಕೊಡತಕ್ಕದ್ದು.

ಹೊರಡುವಾಗ ಹೊಸಿಲಲ್ಲಿ ನಿಂತು
ಭಟ್ಟಿಗಳ ಕಡೆಯ ಹೊಗೆ ನೋಡಿದಳು,
ಕೊಳವೆ ಬಿಟ್ಟೊಡನೆ ಅಡ್ಡಡ್ಡ ಮಲಗುತ್ತಿದ್ದ ಹೊಗೆ.
"ಪಡುವಣ ಗಾಳಿ, ಹನ್ನೆರಡು ನಾಟು" ಎಂದಳು,
ನನಗಲ್ಲ, ಯಾರಿಗೂ ಅಲ್ಲ.

ಅದನ್ನೂ ಬರೆದಿಟ್ಟುಕೊಳ್ಳೋಣವೆಂದು ಪೆನ್ಸಿಲ್ ಹುಡುಕಿದೆ,
ಮೇಜಿನ ಮೇಲೆ, ಚಾಪೆಯ ಕೆಳಗೆ.
ಕಿವಿಯ ಮೇಲೇ ಇತ್ತು.